ಗೌರಿ ಹೂವಿನ ಗೆಡ್ಡೆ: ಮಾಲು ಚೆನ್ನಾಗಿದೆ, ಚೀಟಿಯನ್ನು ನಂಬಬೇಡಿ

ಮಲೆನಾಡು, ಕರಾವಳಿಯ ಕಾಡಂಚಲ್ಲಿ ಮಳೆಗಾಲಕ್ಕೆ ತಾನಾಗಿ ಹಬ್ಬುವ ಗೌರಿ ಹೂವಿನ (ಅಗ್ನಿಶಿಖೆ) ಗೆಡ್ಡೆ ಈಗ ನರ್ಸರಿಗಳಿಂದ ಪಾರ್ಸೆಲ್‌ನಲ್ಲೂ ಬರುತ್ತದೆ. ಇದು ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ ಜೋಡಿಯಾಗಿ ಕಳಿಸುವ ಪ್ಯಾಕೆಟ್ಟಿನ ವಿಮರ್ಶೆ. ಐದಕ್ಕೆ ಮೂರು ಅಂಕ. ಕಡಿತವಾದ ಎರಡು ಅಂಕವೂ ಪ್ಯಾಕೆಟ್ಟಿನೊಳಗಿನ ಸೂಚನಾ ಚೀಟಿಯ ಪಾಲಿನವು.

ಗೆಡ್ಡೆ ಬಂದ ಕೂಡಲೇ ತೂಕಕ್ಕಿಂತ ಮೊದಲು ತುದಿ ನೋಡಬೇಕು. ಕವಲೊಡೆದ ಗೆಡ್ಡೆಯ ಒಂದೊಂದು ತೋಳಿಗೂ ಮೊಳಕೆಯ ಕಣ್ಣು ಇರುವುದು ತುದಿಯಲ್ಲಿ ಮಾತ್ರ. ಅದು ಮುರಿದರೆ ತೋಳು ಎಷ್ಟೇ ದಪ್ಪವಿದ್ದರೂ ವ್ಯರ್ಥ. ಆಲೂಗಡ್ಡೆಯಂತೆ ತುಂಡು ಮಾಡಿ ನೆಡಲಾಗದು. ಈ ಪ್ಯಾಕಿಂಗ್‌ನಲ್ಲಿ ತುದಿಗಳು ಅಲುಗಿಲ್ಲ, ಅದಕ್ಕೆ ಶಹಭಾಸ್. ತೂಕ 50–60 ಗ್ರಾಂ ಇದ್ದರೆ ಅದೇ ವರ್ಷ ಹೂವು ನಿರೀಕ್ಷಿಸಬಹುದು; ತೀರಾ ಸಣ್ಣದಾದರೆ ಮೊದಲ ಮಳೆಗಾಲ ಬರೀ ಎಲೆ.

ಚೀಟಿ 'ದಿನಾ ನೀರು ಹಾಕಿ' ಎನ್ನುತ್ತದೆ. ಗೆಡ್ಡೆ ಕೊಳೆಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. 12 ಇಂಚಿನ ಕುಂಡಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೇ ಗೊಬ್ಬರ ಬೆರೆಸಿ. ಗೆಡ್ಡೆಯನ್ನು ಅಡ್ಡ ಮಲಗಿಸಿ ಎರಡು-ಮೂರು ಇಂಚು ಮಣ್ಣು ಮುಚ್ಚಿ. ಒಮ್ಮೆ ನೀರು ಕೊಟ್ಟರೆ ಮೊಳಕೆ ಕಾಣುವವರೆಗೆ ಮಣ್ಣು ಸ್ವಲ್ಪ ತೇವವಾಗಿದ್ದರೆ ಸಾಕು. ಬಳ್ಳಿ ಹತ್ತುವುದು ಎಲೆಯ ತುದಿಯ ಕುಡಿಯಿಂದ, ಅದಕ್ಕೆ ದಪ್ಪ ಪೈಪು ಸುತ್ತಲು ಬರುವುದಿಲ್ಲ. ತೆಳ್ಳನೆ ಕಡ್ಡಿ ಅಥವಾ ದಾರ ಕೊಡಿ. ಎಳೆ ಕಾಂಡ ಮುಟ್ಟಿದರೆ ಮುರಿಯುವಂಥದ್ದು, ಮುರಿದರೆ ಆ ವರ್ಷದ ಹೂವು ಹೋದಂತೆಯೇ. ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಯ ಹುಳು ಕಂಡರೆ ತಡಮಾಡದೆ ಕೈಯಿಂದ ಆರಿಸಿ. ಗುಂಪಾಗಿ ಬಂದರೆ ಬಳ್ಳಿಯನ್ನೇ ಬೋಳು ಮಾಡುತ್ತವೆ.

ಚೀಟಿಯ ನಿಜವಾದ ಅಪಾಯ ಕೊನೆಯ ಸಾಲಿನಲ್ಲಿದೆ: 'ಕೀಲುನೋವಿಗೆ ಮನೆಮದ್ದು'. ಈ ಗಿಡದ ಎಲ್ಲ ಭಾಗದಲ್ಲೂ ಕೊಲ್ಚಿಸಿನ್ ಎಂಬ ವಿಷವಿದೆ, ಗೆಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಗೌಟ್ ಎಂಬ ಕೀಲುನೋವಿನ ರೋಗಕ್ಕೆ ವೈದ್ಯರು ಬರೆಯುವ ಅದೇ ರಾಸಾಯನಿಕ ನಿಜ, ಆದರೆ ಅಲ್ಲಿ ಪ್ರಮಾಣ ಮಿಲಿಗ್ರಾಂನ ಲೆಕ್ಕ. ಗೆಡ್ಡೆಯಲ್ಲಿ ಎಷ್ಟಿದೆಯೆಂದು ನೋಡಿ ಹೇಳಲಾಗದು, ಬೇಯಿಸಿದರೂ ವಿಷ ಹೋಗದು. ಆಯುರ್ವೇದವೂ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿ, ಶುದ್ಧಿ ಮಾಡದೆ ಬಳಸಬಾರದೆಂದಿದೆ. ಗೆಣಸೆಂದು ತಿಂದು ಸತ್ತವರಿದ್ದಾರೆ. ತಿಂದ ಮೇಲೆ ಕೆಲವು ಗಂಟೆ ಏನೂ ಆಗದೆ, ಆಮೇಲೆ ವಾಂತಿ-ಭೇದಿ ಶುರುವಾಗುವುದರಿಂದ ಮನೆಯವರು ಮೋಸಹೋಗುತ್ತಾರೆ. ವಾಂತಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಗೆಡ್ಡೆ ಮುಟ್ಟುವಾಗ ಕೈಗವಸಿರಲಿ, ಅಡುಗೆಮನೆಯಲ್ಲಿ ಇಡಲೇಬೇಡಿ. ಮಕ್ಕಳು, ನಾಯಿ, ದನ ಓಡಾಡುವ ಅಂಗಳವಾದರೆ ಈ ಪ್ಯಾಕೆಟ್ ಬೇಡ.

ಹೂವಿನ ಬಗ್ಗೆ ತಕರಾರೇ ಇಲ್ಲ. ಹಿಂದಕ್ಕೆ ಮಡಚಿದ ಆರು ಅಲೆಅಂಚಿನ ಎಸಳು ಹಸಿರಿನಿಂದ ಹಳದಿ, ಕಿತ್ತಳೆ, ಕೆಂಪಿಗೆ ತಿರುಗುತ್ತಾ ದಿನಗಟ್ಟಲೆ ನಿಲ್ಲುತ್ತವೆ.

ಮಳೆಗಾಲ ಮುಗಿದು ಬಳ್ಳಿ ಒಣಗಿದಾಗ ಗಿಡ ಸತ್ತಿತೆಂದು ಕುಂಡ ಚೆಲ್ಲಬೇಡಿ. ಹಳೇ ಗೆಡ್ಡೆ ಬತ್ತಿ, ಒಳಗೆ ಹೊಸದು ಮಲಗಿರುತ್ತದೆ. ನೀರು ನಿಲ್ಲಿಸಿ ಕುಂಡವನ್ನು ನೆರಳಿಗಿಡಿ. ಮಾರುವವರು ವರ್ಷವಿಡೀ ಆರ್ಡರ್ ತೆಗೆದುಕೊಳ್ಳುತ್ತಾರೆ, ಆದರೆ ತರಿಸಬೇಕಾದ್ದು ಏಪ್ರಿಲ್-ಮೇನಲ್ಲಿ. ಜುಲೈಗೆ ಮೊಳಕೆ ಹೊರಟಿದ್ದು ಪಾರ್ಸೆಲ್‌ನಲ್ಲೇ ಮುರಿದು ಬರುತ್ತದೆ.