ಹಾಸನದ ಭಾನುವಾರದ ಸಿಇಟಿ ಗಣಿತ ಕ್ಲಾಸ್: ನಾನೂ ಕೂತು ಕೇಳಿದೆ

ಎಂಟು ಭಾನುವಾರ ಮಗಳನ್ನು ಆಲೂರಿನಿಂದ ಹಾಸನಕ್ಕೆ ಕರ್ಕೊಂಡು ಹೋದೆ. ಕೆ.ಆರ್. ಪುರಂನಲ್ಲಿ ಒಂದು ಮನೆಯ ಮಹಡಿ ಮೇಲೆ ಕ್ಲಾಸ್. ಫೀಸು 2,500 ರೂಪಾಯಿ. ಮುಗಿಯುವವರೆಗೆ ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಸರ್ ನೋಡಿ, "ಒಳಗೇ ಬನ್ನಿ ಅಮ್ಮ" ಅಂದರು. ಎಸ್ಸೆಸ್ಸೆಲ್ಸಿಗೇ ಗಣಿತ ಬಿಟ್ಟವಳು ನಾನು. ಆದರೂ ಪಾಠ ಅರ್ಥವಾಯಿತು.

ಸಿಇಟಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಮಗಳಿಗೆ ಲೆಕ್ಕ ಬರುತ್ತೆ, ಆದರೆ ನಿಧಾನ. ಕೊನೆಯ ಹದಿನೈದು ಪ್ರಶ್ನೆಯನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಇಲ್ಲಿ ಅಕ್ಷರದ ಜಾಗದಲ್ಲಿ ಅಂಕಿ ಇಟ್ಟು ನೋಡೋದನ್ನು ಕಲಿಸಿದರು.

ಎ, ಬಿ, ಸಿ ಕೂಡಿದರೆ 0. ಹಾಗಾದರೆ ಮೂರರ ಘನಗಳ ಮೊತ್ತ ಎಷ್ಟು? ಆಯ್ಕೆಗಳು 0, ಎಬಿಸಿ, 3ಎಬಿಸಿ, –3ಎಬಿಸಿ. ಸರ್ 1, 2, –3 ತಗೊಂಡರು. ಘನಗಳು 1, 8, –27. ಕೂಡಿದರೆ –18. ಮೂರನ್ನೂ ಗುಣಿಸಿದರೆ –6, ಅದರ ಮೂರರಷ್ಟು –18. ಮೂರನೇ ಆಯ್ಕೆ ಸರಿ. ನಾನೂ ಬೇರೆ ಅಂಕಿ ಇಟ್ಟು ನೋಡಿದೆ, ಅದೇ ಬಂತು!

ಆಮೇಲೆ ಒಬ್ಬ ಹುಡುಗ 1, –1, 0 ಇಟ್ಟ. ನಾಲ್ಕೂ ಆಯ್ಕೆ ಸೊನ್ನೆಯಾಗಿ ಕೂತವು. ಸರ್ ಬೈಯಲಿಲ್ಲ. "ಯಾಕೆ ಹೀಗಾಯ್ತು, ನೀನೇ ಹೇಳು" ಅಂತ ಅವನ ಬಾಯಿಂದಲೇ ಹೇಳಿಸಿದರು. ಇದಕ್ಕೇ ನನಗೆ ಈ ಕ್ಲಾಸ್ ಹಿಡಿಸಿದ್ದು. 2 ಕೂಡ ಕೆಲವೊಮ್ಮೆ ಕೈಕೊಡುತ್ತೆ. ಎಕ್ಸ್ ಜಾಗದಲ್ಲಿ 2 ಇಟ್ಟರೆ 2ಎಕ್ಸ್ ಕೂಡ 4, ಎಕ್ಸ್ ವರ್ಗವೂ 4. ಹಾಗೆ ಎರಡು ಆಯ್ಕೆ ಉಳಿದರೆ ಆ ಎರಡಕ್ಕೆ ಮಾತ್ರ ಇನ್ನೊಂದು ಅಂಕಿ ಇಟ್ಟು ನೋಡಬೇಕು.

ಬೇಜಾರಾಗಿದ್ದೂ ಇದೆ. ಕೊಟ್ಟ ಹಾಳೆಗಳ ಜೆರಾಕ್ಸ್ ತುಂಬಾ ಮಸುಕು. ಎಷ್ಟೋ ಕಡೆ ಮೈನಸ್ ಗುರುತೇ ಕಾಣಲ್ಲ. ಬೀಜಗಣಿತದಲ್ಲಿ ಮೈನಸ್ ಹೋದರೆ ಉತ್ತರವೇ ಹೋಯಿತು, ಅಲ್ವಾ? ಇನ್ನೊಂದು, ಪಿಯು ಪರೀಕ್ಷೆಯ ದೊಡ್ಡ ಲೆಕ್ಕಗಳಿಗೆ ಹಂತ ಹಂತವಾಗಿ ಬರೆಯಲೇಬೇಕು, ಅಲ್ಲಿ ಈ ದಾರಿ ನಡೆಯಲ್ಲ. ಇದನ್ನು ಮೊದಲ ದಿನವೇ ಹೇಳಬೇಕಿತ್ತು. ಮಗಳು ಕಾಲೇಜಿನ ಟೆಸ್ಟಲ್ಲಿ ಸುಮ್ನೆ ಅಂಕಿ ಇಟ್ಟು ಉತ್ತರ ಬರೆದು 5 ಅಂಕ ಕಳ್ಕೊಂಡಳು.

ಕೊನೆಯ ಮಾದರಿ ಪರೀಕ್ಷೆಯಲ್ಲಿ ಅವಳು 57ನೇ ಪ್ರಶ್ನೆವರೆಗೂ ಹೋದಳು. ಮುಂದಿನ ಬ್ಯಾಚಿಗೆ ಪಕ್ಕದ ಮನೆ ಹುಡುಗ ಸೇರಿದ್ದಾನೆ. ಹಾಳೆಗಳಲ್ಲಿ ಮೈನಸ್ ಇಲ್ಲದ ಕಡೆಯೆಲ್ಲ ಮಗಳು ಪೆನ್ನಿನಲ್ಲಿ ಗುರುತು ಹಾಕಿ ಅವನಿಗೆ ಕೊಟ್ಟಿದ್ದಾಳೆ.