ಬೆಕ್ಕಿನ ಉಚ್ಚೆ ವಾಸನೆಗೆ ಎನ್ಜೈಮ್ ಕ್ಲೀನರ್: 14 ತಿಂಗಳು ಬಳಸಿದ ಮೇಲೆ

ಮೊದಲ ಬಾಟ್ಲಿ ತಂದ ಎರಡೇ ವಾರಕ್ಕೆ ಇದಕ್ಕೆ ಒಂದು ಸ್ಟಾರ್ ಕೊಟ್ಟು ಚೆನ್ನಾಗಿ ಬೈದು ಬರೆದಿದ್ದೆ. ಅದನ್ನ ಅಳಿಸಿ ಇದನ್ನ ಬರೀತಿದೀನಿ. ಅರ್ಧ ಲೀಟರಿಗೆ 450 ರೂಪಾಯಿ, ನಮ್ಮಂಥ ಮನೆಗೆ ಅದು ಸಣ್ಣ ದುಡ್ಡಲ್ಲ, ಹಾಗಾಗಿ ಸಿಟ್ಟು ಬಂದಿದ್ದು ನಿಜ.

ನಮ್ಮನೇಲಿರೋದು ಒಂದೇ ಬೆಕ್ಕು, ಹೆಸರು ಬೆಲ್ಲ, ಗಂಡು, ಸಂತಾನಹರಣ ಆಪರೇಷನ್ ಆಗಿದೆ. ಮೂರು ವರ್ಷ ತನ್ನ ಉಚ್ಚೆ-ಕಕ್ಕಸಿನ ಟ್ರೇ ಬಿಟ್ಟು ಆಚೆ ಒಂದು ಹನಿ ಹೊಯ್ದವನಲ್ಲ. ಕಳೆದ ವರ್ಷ ಇದ್ದಕ್ಕಿದ್ದಂಗೆ ಬಾತ್‌ರೂಮ್ ಮುಂದಿನ ಕಾಲೊರಸು, ದಿವಾನ್ ಮೂಲೆ, ಕೊನೆಗೆ ಅಮ್ಮನ ಹತ್ತಿ ಹಾಸಿಗೆ, ಎಲ್ಲಾ ಕಡೆ ಶುರು ಮಾಡ್ದ. ಅಮ್ಮ ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸ್ತಿದ್ರು, ಒರೆಸಿದ ಅರ್ಧ ಗಂಟೆ ಚೆನ್ನಾಗಿರೋದು, ಮಳೆ ಬಂದು ಗಾಳಿ ತೇವ ಆಯ್ತು ಅಂದ್ರೆ ಅದೇ ಜಾಗದಿಂದ ಮತ್ತೆ ಗಬ್ಬು ನಾತ. ಆಗ ತರಿಸಿದ್ದು ಈ ಎನ್ಜೈಮ್ ಕ್ಲೀನರ್ರು, ಅಂದ್ರೆ ಕೊಳೆ ಒಡೆಯೋ ಕಿಣ್ವ ಇರೋದು.

ಲೇಬಲ್ ಮೇಲೆ 'ಸ್ಪ್ರೇ ಮಾಡಿ, ಒರೆಸಿ' ಅಂತ ಇದೆ. ನನ್ನ ದೂರು ಏನಾದ್ರೂ ಇದ್ರೆ ಇದೊಂದೇ, ಆದ್ರೆ ಇದು ದೊಡ್ಡ ದೂರು. ಹಾಗೆ ಮಾಡಿದ್ರೆ ಈ ಸಾಮಾನು ಕೆಲಸಾನೇ ಮಾಡಲ್ಲ! ಬೆಕ್ಕಿನ ಉಚ್ಚೇಲಿರೋ ಯೂರಿಕ್ ಆಸಿಡ್ ನೀರಲ್ಲಿ ಸುಲಭಕ್ಕೆ ಕರಗಲ್ಲ, ಹರಳಾಗಿ ಬಟ್ಟೆ ಒಳಗೇ ಕೂತಿರುತ್ತೆ, ತೇವ ತಾಗಿದಾಗೆಲ್ಲ ವಾಸನೆ ಏಳುತ್ತೆ. ಎನ್ಜೈಮ್ ಅದನ್ನ ಒಡೀಬೇಕು ಅಂದ್ರೆ ಉಚ್ಚೆ ಎಲ್ಲೀತನಕ ಇಳಿದಿದೆಯೋ ಅಲ್ಲೀತನಕ ಇದೂ ಇಳೀಬೇಕು, ಇಳಿದು ಹಸಿಯಾಗೇ ಇರಬೇಕು. ಎರಡು ಸಲ ಪುಸ್ ಪುಸ್ ಅನ್ಸಿ ಒರೆಸಿದ್ರೆ 450 ರೂಪಾಯಿ ಒರೆಸೋ ಬಟ್ಟೆಗೆ ಹೋಯ್ತು ಅಷ್ಟೆ. ಫಿನಾಯಿಲ್ ಹಾಕಿದ ಜಾಗದ ಮೇಲೆ ಹಾಕಿದ್ರೂ ದಂಡ, ಎನ್ಜೈಮ್ ಕೆಟ್ಟುಹೋಗುತ್ತೆ.

ಈಗ ನಾನು ಹೇಗೆ ಮಾಡ್ತೀನಿ ಅಂದ್ರೆ, ಹಸಿ ಇರುವಾಗಲೇ ಕಂಡ್ರೆ ಹಳೇ ಪಂಚೆ ತುಂಡು ಮಡಚಿ ಅಂಗೈಯಲ್ಲಿ ಒತ್ತಿ ಹಿಡೀತೀನಿ, ಉಜ್ಜಲ್ಲ, ಉಜ್ಜಿದ್ರೆ ಇನ್ನೂ ಒಳಕ್ಕಿಳಿಯುತ್ತೆ. ಬಟ್ಟೆ ಒಣಕಲಾಗಿ ಬರೋತನಕ ಮಗ್ಗುಲು ಬದಲಾಯಿಸಿ ಒತ್ತಿ, ಆಮೇಲೆ ಬರೀ ತಣ್ಣೀರು ಹಾಕಿ ಇನ್ನೊಂದು ಸಲ ಒತ್ತಿ, ಆಮೇಲೆ ಬಾಟ್ಲಿಯ ಸ್ಪ್ರೇ ಮೂತಿ ಬಿಚ್ಚಿಟ್ಟು ಕಲೆಗಿಂತ ಒಂದು ಗೇಣು ಆಚೆಗೂ ಬರೋ ಹಾಗೆ ಸುರೀತೀನಿ. ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿ, ಮಗ್ಗುಲಿಗೆ ಎರಡು ಚಪಾತಿ ಮಣೆ ಇಟ್ಟು ರಾತ್ರಿ ಬಿಡ್ತೀನಿ. ಬೆಳಿಗ್ಗೆ ಕವರ್ ತೆಗೆದ್ರೆ ತಾನಾಗೇ ಒಣಗುತ್ತೆ. ಅಮ್ಮನ ಹಾಸಿಗೆಗೆ ಹೀಗೆ ಮೂರು ಸಲ ಮಾಡ್ದೆ, ಮೂರನೇ ಸಲಕ್ಕೆ ವಾಸನೆ ಪೂರ್ತಿ ಹೋಯ್ತು. ಮುಖ ಇಟ್ಟು ಮೂಸಿ ನೋಡಿ ಹೇಳ್ತಿದೀನಿ.

ಆದ್ರೂ ಬೆಲ್ಲ ನಿಲ್ಲಿಸ್ಲಿಲ್ಲ, ಹೊಸ ಜಾಗ ಹುಡುಕ್ದ. ನಾನು ಅವನನ್ನ ಗದರಿಸಿದ್ದೂ ಇದೆ, ಅದು ನೆನೆಸಿಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚುತ್ತೆ. 'ಬೇಕಂತ ಮಾಡ್ತಿಲ್ಲ ಕಣೋ ಅದು, ನೋಡು, ಕೂತ್ಕೊಂಡು ತಿಣುಕ್ತಾನೆ, ನಾಲ್ಕು ಹನಿ ಅಷ್ಟೆ ಬರೋದು' ಅಂತ ಅಮ್ಮ ಹೇಳಿದ ಮೇಲೇನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದು. ಉಚ್ಚೆ ಟೆಸ್ಟಲ್ಲಿ ಸ್ಟ್ರೂವೈಟ್ ಅನ್ನೋ, ಉಚ್ಚೇಲಿ ಕಟ್ಟೋ ಒಂದು ಥರದ ಖನಿಜದ ಹರಳು ಸಿಕ್ತು. ಟ್ರೇಗೆ ಹೋದಾಗೆಲ್ಲ ಉರಿ ಆಗಿರುತ್ತೆ, ಹಾಗಾಗಿ ಟ್ರೇ ಕಂಡ್ರೇನೇ ಭಯ, ಮೆತ್ತಗಿರೋ ಜಾಗ ಹುಡುಕ್ತಾನೆ ಅಂದ್ರು ಡಾಕ್ಟ್ರು. ಗಂಡು ಬೆಕ್ಕಿಗೆ ಉಚ್ಚೆ ಪೂರ್ತಿ ಕಟ್ಟಿಬಿಟ್ರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತಂತೆ, ಅದಕ್ಕೆ ನಿಮ್ಮ ಬೆಕ್ಕು ತಿಣುಕ್ತಿದ್ರೆ ಕ್ಲೀನರ್ ಆರ್ಡರ್ ಮಾಡೋ ಮುಂಚೆ ಅವತ್ತೇ ಡಾಕ್ಟರಿಗೆ ತೋರಿಸಿ. ಫಿನಾಯಿಲ್ ಕೂಡ ಅವತ್ತೇ ಬಿಡಿಸಿದ್ರು, ಅದರಲ್ಲಿರೋ ಫಿನಾಲನ್ನ ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕಲ್ಲ, ಒರೆಸಿದ ನೆಲದ ಮೇಲೆ ಓಡಾಡಿ ಪಾದ ನೆಕ್ಕಿದ್ರೆ ವಿಷಾನೇ.

ಬೇರೆ ಊಟ, ಜಾಸ್ತಿ ನೀರು, ಆರು ವಾರಕ್ಕೆ ಹರಳು ಕರಗ್ತು. ಅದೇ ಸಮಯಕ್ಕೆ ಮುಚ್ಚಳ ಇರೋ ಟ್ರೇ ಬಾಕ್ಸ್ ತೆಗೆದು ಅದರ ಬದಲಿಗೆ ಬಟ್ಟೆ ನೆನೆಸೋ ದೊಡ್ಡ ಟಬ್ ಎರಡು ಇಟ್ವಿ, ಸೆಂಟ್ ಹಾಕಿದ ಲಿಟರ್ (ಟ್ರೇ ಒಳಗೆ ತುಂಬೋ ಮರಳಿನಂಥದ್ದು) ಬಿಟ್ಟು ವಾಸನೆ ಇಲ್ಲದ್ದು ತಂದ್ವಿ. ಆಮೇಲಿಂದ ಆಚೆ ಹೊಯ್ದಿದ್ದು ಎರಡೇ ಸಲ, ಎರಡೂ ಪಟಾಕಿ ಗಲಾಟೆ ಇದ್ದ ದೀಪಾವಳೀಲಿ.

ಇದರ ಜೊತೆ 395 ನ್ಯಾನೋಮೀಟರಿನ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಒಂದು ತಗೊಳ್ಳಿ, ನಂಗೆ 300 ರೂಪಾಯಿಗೆ ಸಿಕ್ತು. ರಾತ್ರಿ ದೀಪ ಎಲ್ಲ ಆರಿಸಿ ಬಗ್ಗಿ ಬಗ್ಗಿ ನೋಡಿದ್ರೆ ಒಣಗಿದ ಉಚ್ಚೆ ಹಳದಿ-ಹಸಿರಾಗಿ ಹೊಳೆಯುತ್ತೆ. ದಿವಾನಿನ ಹಿಂಬದಿ ಕಾಲು ಹಿಂಗೇ ಸಿಕ್ಕಿದ್ದು, ಮೂಗಿಗೆ ಗೊತ್ತಾಗ್ತಾನೇ ಇರ್ಲಿಲ್ಲ. ಮೊದಲ ರಾತ್ರಿ ಹೊಸ್ತಿಲು ಉದ್ದಕ್ಕೂ ಜಗಜಗ ಅಂತಿತ್ತು, ಅಯ್ಯೋ ದೇವ್ರೇ ಇಲ್ಲೂನಾ ಅಂತ ಎದೆ ಧಸಕ್ಕಂತು. ಅಮ್ಮ ಶುಕ್ರವಾರ ಹಚ್ಚಿದ ಅರಿಶಿನ! ಅರಿಶಿನಾನೂ ಹಿಂಗೇ ಹೊಳೆಯುತ್ತೆ, ಸೋಪುಪುಡೀಲಿ ಒಗೆದ ಬಿಳಿ ಬಟ್ಟೆ ನೀಲಿಯಾಗಿ ಹೊಳೆಯುತ್ತೆ. ಹೊಳೆದಿದ್ದನ್ನ ಮೂಸಿ ನೋಡಿ ಆಮೇಲೆ ಕ್ಲೀನರ್ ಹಾಕಿ.

ಈಗ ನಾನು ತರಿಸೋದು 5 ಲೀಟರ್ ಕ್ಯಾನು, ಲೀಟರಿಗೆ ಅರ್ಧಕ್ಕರ್ಧ ಕಮ್ಮಿ ಬೀಳುತ್ತೆ. ಲ್ಯಾವೆಂಡರ್ ಪರಿಮಳದ್ದು ಬೇಡ, ಅದನ್ನ ಹಾಕಿದ ದಿನ ಬೆಲ್ಲ ಸಂಜೆತನಕ ಆ ರೂಮಿಗೆ ಬರಲಿಲ್ಲ.