ಒಂದೇ ಸ್ಪೈ ಸಿನಿಮಾ, ಮೂರು ಅಭಿಪ್ರಾಯ: 'ಕ್ವಾಂಟಮ್ ಆಫ್ ಸೊಲೇಸ್' ಪಕ್ಕ ಇನ್ನೂ ಮೂರನ್ನು ಇಟ್ಟು ನೋಡಿದಾಗ

'ಕ್ವಾಂಟಮ್ ಆಫ್ ಸೊಲೇಸ್' ಮಾತು ತೆಗೆದರೆ ಸಾಕು, ಇವತ್ತಿಗೂ ಜಗಳ ಶುರು. 2008ರ ಬಾಂಡ್ ಸಿನಿಮಾ ಅದು. ಒಬ್ಬರು "ತಲೆನೋವು ಬಂತು, ಏನಾಯ್ತು ಅಂತಲೇ ಗೊತ್ತಾಗ್ಲಿಲ್ಲ" ಎನ್ನುತ್ತಾರೆ. ಇನ್ನೊಬ್ಬರು "ಬಾಂಡ್ ಸಿನಿಮಾಗಳಲ್ಲೇ ಚುರುಕಾದದ್ದು, ಸುಮ್ನೆ ಬೈತೀರ" ಎಂದು ವಾದಕ್ಕೆ ನಿಲ್ಲುತ್ತಾರೆ. ಮೂರನೆಯವರು ನೋಡಿದ್ದಾರೆ, ಆದರೆ ಒಂದು ದೃಶ್ಯವೂ ನೆನಪಿಲ್ಲ. ನನಗೆ ಈ ಮೂರನೆಯವರ ಮಾತೇ ಜಾಸ್ತಿ ಕಾಡಿತು. ಇಷ್ಟವಾಗದ ಸಿನಿಮಾ ಕೂಡ ನೆನಪಿನಲ್ಲಿ ಉಳಿಯಬೇಕಲ್ವಾ?

ಅದಕ್ಕೇ ಅದನ್ನು ಇನ್ನೂ ಮೂರು ಸಿನಿಮಾಗಳ ಜೊತೆ ಮತ್ತೆ ನೋಡಿದೆ. 2006ರ 'ಕ್ಯಾಸಿನೊ ರಾಯಲ್', 2007ರ 'ದ ಬೋರ್ನ್ ಅಲ್ಟಿಮೇಟಮ್', 2018ರ 'ಮಿಷನ್ ಇಂಪಾಸಿಬಲ್: ಫಾಲ್ಔಟ್'. ಕೆಲವು ದೃಶ್ಯಗಳನ್ನು ದೊಡ್ಡ ಟಿವಿಯಲ್ಲೂ ಫೋನಿನಲ್ಲೂ ಹಾಕಿ ನೋಡಿದೆ. ಮುಂದೆ ಕಥೆಯ ಗುಟ್ಟುಗಳೂ ಬರುತ್ತವೆ. ನೋಡದೇ ಇದ್ದವರು ಜೋಪಾನ.

ಮೊದಲು 'ಕ್ವಾಂಟಮ್' ಆರಂಭವನ್ನೇ ತೆಗೆದುಕೊಳ್ಳಿ. ಇಟಲಿಯ ಗಾರ್ಡಾ ಸರೋವರದ ಪಕ್ಕದ ರಸ್ತೆ, ಸುರಂಗ, ಬಾಂಡ್‌ನ ಆಸ್ಟನ್ ಮಾರ್ಟಿನ್, ಹಿಂದೆ ಅಟ್ಟಿಸಿಕೊಂಡು ಬರುವ ಕಪ್ಪು ಕಾರುಗಳು. ಒಂದು ಟೈರ್, ಒಂದು ಕಣ್ಣು, ಒಂದು ಗೇರ್, ಒಂದು ಬಂದೂಕು. ಒಂದೊಂದೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಬಾಂಡ್ ಕಾರಿನ ಬಾಗಿಲು ಕಿತ್ತು ಹೋಗುತ್ತದೆ. ಅದು ಯಾವ ಏಟಿಗೆ ಹೋಯಿತು ಎಂದು ಹಿಂದಕ್ಕೆ ಓಡಿಸಿ ನೋಡಬೇಕಾಯಿತು. ಅದ್ಭುತವಾದ ರಸ್ತೆ, ಅದ್ಭುತವಾದ ಕಾರು, ಎರಡನ್ನೂ ಸರಿಯಾಗಿ ನೋಡಲು ಬಿಡುವುದಿಲ್ಲ. ಸಿಯೆನಾದ ಓಟದ ದೃಶ್ಯದಲ್ಲೂ ಇದೇ ಕಥೆ. ಅಟ್ಟಣಿಗೆಯ ಹಗ್ಗಕ್ಕೆ ಜೋತು ಬಿದ್ದು ಇಬ್ಬರು ಬಂದೂಕಿಗಾಗಿ ಕೈ ಚಾಚುವುದು ಒಳ್ಳೆಯ ಕಲ್ಪನೆ. ಆದರೆ ಮೇಲಿರುವವನು ಯಾರು, ಕೆಳಗಿರುವವನು ಯಾರು ಎಂದು ಗುರುತು ಹಿಡಿಯುವಷ್ಟರಲ್ಲಿ ಗುಂಡು ಹಾರಿ ಆಗಿರುತ್ತದೆ.

"ಅದು ಬೋರ್ನ್ ಕಾಪಿ" ಎನ್ನುವುದು ತುಂಬಾ ಜನರ ಆರೋಪ. ಪೂರ್ತಿ ಸುಳ್ಳಲ್ಲ. ಬೋರ್ನ್ ಸಿನಿಮಾಗಳ ಸಾಹಸ ದೃಶ್ಯಗಳ ಘಟಕವನ್ನು ನಿರ್ದೇಶಿಸಿದ ಡ್ಯಾನ್ ಬ್ರಾಡ್ಲಿ ಇಲ್ಲೂ ಅದೇ ಕೆಲಸ ಮಾಡಿದ್ದಾರೆ. ಇಬ್ಬರು ಸಂಕಲನಕಾರರಲ್ಲಿ ಒಬ್ಬರಾದ ರಿಚರ್ಡ್ ಪಿಯರ್ಸನ್ ಎರಡನೇ ಬೋರ್ನ್ ಸಿನಿಮಾಕ್ಕೂ ಕೆಲಸ ಮಾಡಿದವರು. ಆದರೆ ವೇಗವಾದ ಕತ್ತರಿಯೇ ತಪ್ಪು ಅಂದರೆ 'ಬೋರ್ನ್ ಅಲ್ಟಿಮೇಟಮ್' ಕೂಡ ಬೈಸಿಕೊಳ್ಳಬೇಕಿತ್ತು. ಅಲ್ಲಾಡುವ ಕ್ಯಾಮೆರಾದಿಂದ ಹೊಟ್ಟೆ ತೊಳಸಿತು ಎಂದವರು ಇದ್ದಾರೆ, ನಿಜ. ಆದರೂ ಅದು ಸಂಕಲನಕ್ಕೇ ಆಸ್ಕರ್ ಗೆದ್ದಿತು. ಶಬ್ದಕ್ಕೆ ಇನ್ನೆರಡು.

ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ಲಂಡನ್ನಿನ ವಾಟರ್ಲೂ ರೈಲ್ವೆ ನಿಲ್ದಾಣದ ದೃಶ್ಯ ನೋಡಿ. ಬೋರ್ನ್ ಅಂದರೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬೆನ್ನಟ್ಟಿರುವ ಅದರದೇ ಮಾಜಿ ಗೂಢಚಾರ. ಅವನು ಒಬ್ಬ ಪತ್ರಕರ್ತನ ಜೇಬಿಗೆ ಗೊತ್ತಾಗದಂತೆ ಫೋನ್ ಹಾಕುತ್ತಾನೆ. ಆಮೇಲೆ ದೂರದಿಂದಲೇ ಅವನನ್ನು ನಡೆಸುತ್ತಾನೆ. ಈಗ ನಡಿ, ಈಗ ನಿಲ್ಲು, ಬಗ್ಗಿ ಶೂ ಲೇಸ್ ಕಟ್ಟು. ಕ್ಯಾಮೆರಾ ಕುಣಿಯುತ್ತಲೇ ಇರುತ್ತದೆ, ಆದರೆ ಬೋರ್ನ್‌ನ ದನಿ ನಮಗೂ ದಾರಿ ತೋರಿಸುತ್ತದೆ. ಪತ್ರಕರ್ತ ಎಲ್ಲಿದ್ದಾನೆ, ಸಿಐಎ ಕಣ್ಣು ಎಲ್ಲೆಲ್ಲಿದೆ, ಯಾವ ಮೂಲೆ ಸುರಕ್ಷಿತ, ಎಲ್ಲ ಗೊತ್ತಿರುತ್ತದೆ. ಹಾಗಾಗಿಯೇ ಅವನು ಗಾಬರಿ ಬಿದ್ದು ಹೇಳಿದ ಮಾತು ಕೇಳದೆ ಹೊರಗೆ ಬಂದಾಗ "ಅಯ್ಯೋ, ಹೋಗ್ಬೇಡ" ಅನ್ನಿಸುತ್ತದೆ. 'ಕ್ವಾಂಟಮ್' ಕಾರ್ ಚೇಸ್‌ನಲ್ಲಿ ಒಂದು ಸಲವೂ ನನಗೆ ಹಾಗೆ ಅನ್ನಿಸಲಿಲ್ಲ. ಬಾಂಡ್ ಎಲ್ಲಿಗೆ ತಲುಪಬೇಕು, ತಲುಪದಿದ್ದರೆ ಏನು ಕಳೆದುಕೊಳ್ಳುತ್ತಾನೆ, ಆ ಹೊತ್ತಿಗೆ ನಮಗೆ ಗೊತ್ತೇ ಇರುವುದಿಲ್ಲ.

'ಫಾಲ್ಔಟ್' ಹಿಡಿದದ್ದು ಪೂರ್ತಿ ಬೇರೆ ದಾರಿ. ಪ್ಯಾರಿಸ್‌ನಲ್ಲಿ ನಡೆಯುವ ಬಾತ್‌ರೂಮ್ ಹೊಡೆದಾಟವನ್ನು ಸ್ಪೈ ಸಿನಿಮಾ ಪ್ರಿಯರು ಯಾಕೆ ಮತ್ತೆ ಮತ್ತೆ ಹಾಕಿ ನೋಡುತ್ತಾರೆ ಎಂದು ಈ ಸಲ ಅರ್ಥವಾಯಿತು. ಬೆಳ್ಳಗಿನ ಕೋಣೆ, ಮೂವರು ಗಂಡಸರು. ಹಿನ್ನೆಲೆ ಸಂಗೀತವಿಲ್ಲ. ಕ್ಯಾಮೆರಾ ಸ್ವಲ್ಪ ದೂರ ನಿಂತು ತಲೆಯಿಂದ ಕಾಲಿನವರೆಗೆ ತೋರಿಸುತ್ತದೆ. ಹೆನ್ರಿ ಕ್ಯಾವಿಲ್ ಮಧ್ಯೆ ಒಮ್ಮೆ ತೋಳುಗಳನ್ನು ಝಾಡಿಸಿ ಮುಷ್ಟಿ ಎತ್ತುತ್ತಾರಲ್ಲ, ಬಂದೂಕಿಗೆ ಗುಂಡು ತುಂಬಿದ ಹಾಗೆ, ಅದಕ್ಕೇ ಅರ್ಧ ಟಿಕೆಟ್ ದುಡ್ಡು ಕೊಡಬಹುದು. ಇನ್ನೂ ಚೆನ್ನಾಗಿರುವುದು ಏನೆಂದರೆ, ನಮ್ಮ ಕಡೆಯ ಇಬ್ಬರೂ, ಅಂದರೆ ನಾಯಕ ಟಾಮ್ ಕ್ರೂಸ್ ಮತ್ತು ಕ್ಯಾವಿಲ್, ಸೇರಿ ಒಬ್ಬನಿಂದ ಚೆನ್ನಾಗಿ ಒದೆ ತಿನ್ನುತ್ತಾರೆ. ಆ ಒಬ್ಬನ ಪಾತ್ರ ಮಾಡಿದವರು ಲಿಯಾಂಗ್ ಯಾಂಗ್. ಸಾಹಸ ಕಲಾವಿದರೇ ಆದ್ದರಿಂದ ಅವರ ಏಟನ್ನು ಕತ್ತರಿ ಹಾಕಿ ಮುಚ್ಚುವ ಅಗತ್ಯವೇ ಇಲ್ಲ.

ಟಾಮ್ ಕ್ರೂಸ್ ಲಂಡನ್ನಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹಾರುವಾಗ ಕಣಕಾಲು ಮುರಿದುಕೊಂಡದ್ದು 2017ರಲ್ಲಿ. ಆ ಶಾಟ್ ಸಿನಿಮಾದಲ್ಲೇ ಇದೆ. ಪಾದ ಗೋಡೆಗೆ ಬಡಿದು ಮಡಚುವುದು, ಆಮೇಲೆ ಕುಂಟುತ್ತಾ ಓಡುವುದು ಎರಡೂ ಕಾಣುತ್ತದೆ. ಹೀಗೆ ನಿಜವಾಗಿ ನಡೆದದ್ದಕ್ಕೆ ಒಂದು ತೂಕ ಇರುತ್ತದೆ, ಒಪ್ಪುತ್ತೇನೆ. ಆದರೆ "ಕಥೆ ಎಲ್ಲಿದೆ?" ಎಂದು ಕೇಳುವವರ ಪಕ್ಷ ನಾನೂ ಸೇರುತ್ತೇನೆ. ಮೂರು ಪ್ಲುಟೋನಿಯಂ ಗೋಲಗಳು, ಮುಖವಾಡ, ಅದರ ಒಳಗೊಬ್ಬ ಮೋಸಗಾರ, ಅವನಿಗೆ ಮತ್ತೊಂದು ಹೆಸರು. ಮುಕ್ಕಾಲು ಭಾಗ ದಾಟುವ ಹೊತ್ತಿಗೆ ಯಾರು ಯಾರಿಗೆ ಟೋಪಿ ಹಾಕುತ್ತಿದ್ದಾರೆ ಎಂಬ ಲೆಕ್ಕ ಇಡುವುದನ್ನೇ ಬಿಟ್ಟೆ. ಕೊನೆಯ ಹೆಲಿಕಾಪ್ಟರ್ ಭಾಗ ಕಾಶ್ಮೀರದಲ್ಲಿ ನಡೆಯುತ್ತದಂತೆ, ಚಿತ್ರೀಕರಣ ಆದದ್ದು ನ್ಯೂಜಿಲೆಂಡಿನಲ್ಲಿ. ಬಾಂಬ್ ಗಡಿಯಾರದ 15 ನಿಮಿಷವೂ ರಬ್ಬರಿನಂತೆ ಎಳೆಯುತ್ತದೆ. ಆದರೂ ಕಣ್ಣು ತೆಗೆಯಲು ಆಗುವುದಿಲ್ಲ, ಅದೇ ಅದರ ಗೆಲುವು.

'ಕ್ಯಾಸಿನೊ ರಾಯಲ್' ವಿಷಯದಲ್ಲಿ ಜಗಳ ಬಿಡುಗಡೆಗೂ ಮೊದಲೇ ಆಗಿ ಹೋಗಿತ್ತು. ಹೊಂಬಣ್ಣದ ಕೂದಲಿನ ಡೇನಿಯಲ್ ಕ್ರೇಗ್ ಬಾಂಡ್ ಆಗಲು ಲಾಯಕ್ಕಿಲ್ಲ ಎಂದು ಬಹಿಷ್ಕಾರದ ಕೂಗೂ ಎದ್ದಿತ್ತು. ಸಿನಿಮಾ ಬಂದ ಮೇಲೆ ಆ ದನಿ ಅಡಗಿತು. ಕಾರಣ ಮೊದಲ ಓಟದಲ್ಲೇ ಇದೆ. ಓಡಿ ಹೋಗುವವನು ಸೆಬಾಸ್ಟಿಯನ್ ಫೂಕಾನ್, ಗೋಡೆ, ಕಟ್ಟಡಗಳನ್ನು ಹಾರಿ ಹತ್ತಿ ಓಡುವ ಪಾರ್ಕೂರ್ ಲೋಕದ ದೊಡ್ಡ ಹೆಸರು. ಅವನು ಗೋಡೆಯ ಮೇಲಿನ ಕಿಂಡಿಯಲ್ಲಿ ಬೆಕ್ಕಿನಂತೆ ನುಸುಳಿ ಹೋಗುತ್ತಾನೆ. ಬಾಂಡ್ ಆ ಗೋಡೆಯನ್ನೇ ಒಡೆದುಕೊಂಡು ನುಗ್ಗುತ್ತಾನೆ. ಒಂದು ಮಾತೂ ಇಲ್ಲದೆ ಅವನ ಸ್ವಭಾವ ಗೊತ್ತಾಗಿ ಹೋಯಿತು. ಇಂಥದ್ದು 'ಫಾಲ್ಔಟ್'ನಲ್ಲೂ ಸಿಗುವುದಿಲ್ಲ.

ಇದಕ್ಕೂ ದೂರುಗಳಿವೆ. ಹೊಡೆದಾಟಕ್ಕೆಂದೇ ಕೂತವರಿಗೆ ಮಧ್ಯದ ಇಸ್ಪೀಟ್ ಆಟ ಉದ್ದ. ನನ್ನ ಜೊತೆ ನೋಡಿದ ಗೆಳೆಯನಿಗೆ ಅಲ್ಲೇ ನಿದ್ದೆ ಹತ್ತಿತು. ನನಗೆ ಪೋಕರ್ ಬರುವುದಿಲ್ಲ, ಆದರೂ ತೊಂದರೆ ಆಗಲಿಲ್ಲ. ಬಾಂಡ್‌ಗೆ ನೆರವಾಗುವ ಮಾಥಿಸ್ ಪಕ್ಕದಲ್ಲಿ ಕೂತು, ಬಾಂಡ್ ಪ್ರೀತಿಸುವ ವೆಸ್ಪರ್‌ಗೆ ಪಿಸುಗುಟ್ಟುತ್ತಾ ನಮಗೇ ಆಟ ಹೇಳಿಕೊಡುತ್ತಾನೆ. ಮೆಟ್ಟಿಲ ಮೇಲಿನ ಕೊಲೆಯ ನಂತರ ವೆಸ್ಪರ್ ಬಟ್ಟೆ ಸಮೇತ ಷವರ್ ಕೆಳಗೆ ಕೂತಿರುತ್ತಾಳೆ, ಬಾಂಡ್ ಬಂದು ಪಕ್ಕ ಕೂರುತ್ತಾನೆ. ಹೊಡೆದಾಟಕ್ಕೆ ಬೆಲೆ ತೆರಬೇಕು ಎಂದು ತೋರಿಸುವ ದೃಶ್ಯ ಈ ಜಾತಿಯ ಸಿನಿಮಾಗಳಲ್ಲಿ ಎಷ್ಟಿವೆ? ವೆನಿಸ್‌ನಲ್ಲಿ ಮನೆ ಮುಳುಗುವ ಭಾಗ ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು.

ಈಗ 'ಕ್ವಾಂಟಮ್' ಪರ ವಹಿಸುವವರ ಮಾತಿಗೆ ಬರೋಣ. ಅದರಲ್ಲೂ ಹುರುಳಿದೆ. ಆಸ್ಟ್ರಿಯಾದ ಬ್ರೆಗೆನ್ಸ್‌ನಲ್ಲಿ ಸರೋವರದ ಮೇಲಿನ ವೇದಿಕೆ, ಹಿಂದೆ ದೈತ್ಯ ಕಣ್ಣಿನ ಚಿತ್ರ, ಮುಂದೆ 'ಟೋಸ್ಕಾ' ಒಪೆರಾ. ಪ್ರೇಕ್ಷಕರ ನಡುವೆ ಅಲ್ಲಲ್ಲಿ ಕೂತ ಖದೀಮರು ಕಿವಿಯಲ್ಲಿನ ಯಂತ್ರದ ಮೂಲಕ ಸಭೆ ನಡೆಸುತ್ತಾರೆ. ಬಾಂಡ್ ನಡುವೆ ಬಾಯಿ ಹಾಕುತ್ತಾನೆ. ಗಾಬರಿಯಿಂದ ಒಬ್ಬೊಬ್ಬರೇ ಎದ್ದು ಹೊರಡುತ್ತಾರೆ, ಅವನು ಮೇಲಿನಿಂದ ಫೋಟೊ ತೆಗೆಯುತ್ತಾನೆ. ಆ ಗುಂಪಿನ ಅನುಭವಸ್ಥ ಮಿಸ್ಟರ್ ವೈಟ್ ಮಾತ್ರ ಜಾಗ ಬಿಟ್ಟು ಏಳುವುದಿಲ್ಲ. ಕತ್ತರಿ ಇಲ್ಲಿ ತಾಳ್ಮೆ ಕಲಿತಿದೆ. ಇದೇ ತಂಡ ಇದೇ ಸಿನಿಮಾದಲ್ಲಿ ಇಷ್ಟು ಚೆನ್ನಾಗಿ ಮಾಡಬಲ್ಲದು ಎಂದಾದರೆ, ಕಾರ್ ಚೇಸ್ ಹಾಗಾದದ್ದು ಕೈಲಾಗದೆ ಅಲ್ಲ, ಬೇಕೆಂದೇ ಮಾಡಿದ ಆಯ್ಕೆ. ನನಗೆ ಸಿಟ್ಟು ಬರುವುದೂ ಅದಕ್ಕೇ.

ಖಳನ ಸಂಚೂ ನನಗೆ ಹಿಡಿಸಿತು. ಬೊಲಿವಿಯಾದ ನೀರನ್ನು ಬಚ್ಚಿಟ್ಟು ಅವರಿಗೇ ದುಬಾರಿ ಬೆಲೆಗೆ ಮಾರುವುದು. "ಇದೊಂದು ಸಂಚಾ?" ಎಂದು ನಗುವವರಿದ್ದಾರೆ. ಅದೇ ದೇಶದ ಕೊಚಬಾಂಬಾದಲ್ಲಿ 2000ದಲ್ಲಿ ನೀರನ್ನು ಖಾಸಗಿಯವರಿಗೆ ಕೊಟ್ಟದ್ದಕ್ಕೆ ಜನ ನಿಜವಾಗಿಯೂ ಬೀದಿಗಿಳಿದಿದ್ದರು. ಲೋಕವನ್ನೇ ಸುಡುತ್ತೇನೆ ಎನ್ನುವ ಖಳರಿಗಿಂತ ಇವನು ಹೆಚ್ಚು ನಂಬುವ ಹಾಗಿದ್ದಾನೆ. ಆದರೆ ಕಥೆ ಬೆಳೆಯಲು ಜಾಗ ಸಿಕ್ಕಿಲ್ಲ. 2007-08ರ ಬರಹಗಾರರ ಮುಷ್ಕರದ ಹೊಡೆತ ಬಿದ್ದ ಸಿನಿಮಾ ಇದು. ದೃಶ್ಯಗಳನ್ನು ತಾವೂ ನಿರ್ದೇಶಕ ಮಾರ್ಕ್ ಫಾರ್ಸ್ಟರ್ ಅವರೂ ಕೂತು ತಿದ್ದಿಕೊಳ್ಳಬೇಕಾಯಿತು ಎಂದು ಕ್ರೇಗ್ ಅವರೇ ಹೇಳಿದ್ದಾರೆ.

ನನ್ನ ಅಭಿಪ್ರಾಯ ಸ್ವಲ್ಪ ಮೆತ್ತಗಾದದ್ದು 'ಕ್ಯಾಸಿನೊ' ಮುಗಿದ ತಕ್ಷಣ 'ಕ್ವಾಂಟಮ್' ಹಾಕಿದಾಗ. 144 ನಿಮಿಷ, ಅದರ ಹಿಂದೆಯೇ 106, ಒಟ್ಟು ನಾಲ್ಕು ಗಂಟೆ ದಾಟುತ್ತದೆ. ಮೊದಲನೆಯದರ ಕೊನೆಯಲ್ಲಿ ಬಾಂಡ್ ಕಾಲಿಗೆ ಗುಂಡು ಹೊಡೆದ ಮಿಸ್ಟರ್ ವೈಟ್ ಎರಡನೆಯದರ ಕಾರಿನ ಡಿಕ್ಕಿಯಲ್ಲಿದ್ದಾನೆ. ಇದು ಗೊತ್ತಿದ್ದರೆ ಆ ಕಾರ್ ಚೇಸ್‌ಗೆ ಒಂದು ಅರ್ಥ ಬರುತ್ತದೆ. ವೆಸ್ಪರ್ ಸತ್ತ ನೋವು ಮನಸ್ಸಿನಲ್ಲಿ ಹಸಿಯಾಗಿದ್ದರೆ ಬಾಂಡ್‌ನ ಮುಂಗೋಪವೂ ಸುಮ್ಮನೆ ಬಂದದ್ದಲ್ಲ ಅನ್ನಿಸುತ್ತದೆ. ಎರಡು ವರ್ಷ ಬಿಟ್ಟು ಥಿಯೇಟರಿಗೆ ಹೋದವರು ಇದನ್ನೆಲ್ಲ ನೆನಪಿಟ್ಟುಕೊಂಡಿರಬೇಕು ಎಂದರೆ ಹೇಗೆ? ಹೊಗಳುವವರು ಯಾರು ಎಂದು ಕೇಳಿ ನೋಡಿ, ಬಹಳಷ್ಟು ಮಂದಿ ಆಮೇಲೆ ಮನೆಯಲ್ಲಿ ಒಂದರ ಹಿಂದೊಂದು ನೋಡಿದವರೇ ಇರುತ್ತಾರೆ ಎಂಬುದು ನನ್ನ ಗುಮಾನಿ.

ಪರದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಫೋನಿನಲ್ಲಿ ನೋಡಿದಾಗ 'ಕ್ವಾಂಟಮ್', 'ಬೋರ್ನ್' ಎರಡೂ ಕಣ್ಣಿಗೆ ಹಗುರ. ಇಡೀ ಚೌಕಟ್ಟು ಒಂದೇ ನೋಟಕ್ಕೆ ಸಿಗುವುದರಿಂದ ಕಣ್ಣು ಹುಡುಕಾಡುವುದಿಲ್ಲ. 'ಫಾಲ್ಔಟ್' ಮಾತ್ರ ಅಲ್ಲಿ ಸಪ್ಪೆ. ಆಕಾಶದಿಂದ ಜಿಗಿಯುವ ದೃಶ್ಯದಲ್ಲಿ ಕ್ರೂಸ್ ಒಂದು ಚುಕ್ಕೆ, ಅಷ್ಟೇ.

ಒಂದೇ ಸಿನಿಮಾಕ್ಕೆ ಹೊತ್ತು ಇದ್ದರೆ, ದೊಡ್ಡ ಟಿವಿ ಇದ್ದರೆ, 'ಫಾಲ್ಔಟ್' ಹಾಕಿ, ಕಥೆ ತಲೆಗೆ ಹಚ್ಚಿಕೊಳ್ಳಬೇಡಿ. ಪಾತ್ರಗಳು ಬೇಕು ಎನ್ನುವವರಿಗೆ 'ಕ್ಯಾಸಿನೊ ರಾಯಲ್' ಬಿಟ್ಟರೆ ಇಲ್ಲಿ ಬೇರೆ ಆಯ್ಕೆ ಇಲ್ಲ, ನಾಲ್ಕರಲ್ಲಿ ನನ್ನ ಓಟೂ ಅದಕ್ಕೇ. 'ಬೋರ್ನ್' ಮೂರನೆಯ ಭಾಗವಾದರೂ ಒಂಟಿಯಾಗಿ ನೋಡಿದರೆ ಅಷ್ಟೇನೂ ತೊಡಕಾಗುವುದಿಲ್ಲ. 'ಕ್ವಾಂಟಮ್' ಮಾತ್ರ ಒಂಟಿಯಾಗಿ ಬೇಡ. ಮರುದಿನ ರಜೆ ಇರುವ ರಾತ್ರಿ 'ಕ್ಯಾಸಿನೊ' ಬೆನ್ನಿಗೇ ಹಾಕಿ, ಕಾರ್ ಚೇಸ್ ಮುಗಿಯುವವರೆಗೆ ಸ್ವಲ್ಪ ಹಿಂದೆ ಸರಿದು ಕೂತುಕೊಳ್ಳಿ.